ಜೋಳಿಗೆ ಹಿಡಿದ ಚಕ್ರವರ್ತಿ: ಪೃಥ್ವಿರಾಜ್ ಕಪೂರ್

ನಮ್ಮ ಸಂಘಕ್ಕೆ ಇಪ್ಪತ್ತೈದು ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಬ್ಬ ಹಿರಿಯ ಕಲಾವಿದರ ಜೀವನದ ಬಗ್ಗೆ ನಾಲ್ಕು ಮಾತು ಬರೆದುಕೊಡಿ ಅಂತ ಸಮಿತಿಯವರು ಕೇಳಿದಾಗ ನಾವು ಸ್ವಲ್ಪ ಹಿಂದೆಮುಂದೆ ನೋಡಿದ್ದು ನಿಜ. ಷೇರು, ಠೇವಣಿ, ಬೆಳೆ ಸಾಲ, ಗೊಬ್ಬರದ ದಾಸ್ತಾನು ಇವುಗಳ ಲೆಕ್ಕ ಇರುವ ಪುಸ್ತಕದಲ್ಲಿ ನಾಟಕದವರ ಕಥೆಗೇನು ಕೆಲಸ ಅಂತ ಯಾರಾದರೂ ಕೇಳಬಹುದಲ್ಲ. ಆಮೇಲೆ ಯೋಚನೆ ಮಾಡಿದರೆ, ಸುಗ್ಗಿ ಮುಗಿದ ಮೇಲೆ ಮನೆಮನೆಗೆ ಹೋಗಿ ಚಂದಾ ಎತ್ತಿ, ಬಾಡಿಗೆ ಸೀನರಿ ತಂದು, ಹಾರ್ಮೋನಿಯಂ ಮೇಷ್ಟ್ರಿಗೆ ಊಟ ವಸತಿ ಕೊಟ್ಟು ರಾತ್ರಿಯೆಲ್ಲಾ ನಾಟಕ ಆಡುತ್ತಿದ್ದದ್ದೂ ಒಂದು ಸಹಕಾರವೇ ಅಲ್ಲವೇ? ಒಬ್ಬನ ಕೈಲಿ ಆಗದ್ದನ್ನು ಹತ್ತು ಜನ ಸೇರಿ ಮಾಡುವುದೇ ಅದರ ಗುಟ್ಟು. ಆ ಗುಟ್ಟನ್ನು ಜೀವನಪೂರ್ತಿ ಬಾಳಿ ತೋರಿಸಿದ ಒಬ್ಬರ ಕಥೆ ಇದು.

ನಮ್ಮಲ್ಲಿ ಹಿರಿಯರಾದವರು ಈ ಮಹನೀಯರನ್ನು ಕನ್ನಡದ ತೆರೆಯ ಮೇಲೇ ನೋಡಿದ್ದಾರೆ. 1971ರಲ್ಲಿ ಬಂದ ಪುಟ್ಟಣ್ಣ ಕಣಗಾಲರ ಸಾಕ್ಷಾತ್ಕಾರ ಚಿತ್ರವನ್ನು ನೆನಪು ಮಾಡಿಕೊಳ್ಳಿ. ಅದರಲ್ಲಿ ಡಾ. ರಾಜಕುಮಾರರ ತಂದೆಯಾಗಿ ಬರುವ ಆಜಾನುಬಾಹು ಮುದುಕರು ಯಾರು? ಅವರೇ ಪೃಥ್ವಿರಾಜ್ ಕಪೂರ್. ಹಿಂದಿ ಚಿತ್ರರಂಗದ ರಾಜ್ ಕಪೂರ್, ಶಮ್ಮಿ ಕಪೂರ್, ಶಶಿ ಕಪೂರ್ ಮೂವರಿಗೂ ತಂದೆ. ಆ ಹೊತ್ತಿಗೆ ಅವರ ದೇಹ ಸೋತಿತ್ತು, ಆಯುಷ್ಯ ಮುಗಿಯುತ್ತಾ ಬಂದಿತ್ತು. ಆದರೂ ಆ ನಿಲುವು, ಆ ನೋಟ! ಸಿನಿಮಾದಲ್ಲಿ ಅಷ್ಟು ದೊಡ್ಡ ಹೆಸರು ಮಾಡಿದ ಈ ಮನುಷ್ಯ ತಮ್ಮ ಬಾಳಿನ ಹದಿನಾರು ವರ್ಷಗಳನ್ನು, ಕೈ ತುಂಬಾ ದುಡಿಯಬಹುದಾಗಿದ್ದ ಹದಿನಾರು ವರ್ಷಗಳನ್ನು, ಊರೂರು ತಿರುಗಿ ನಾಟಕ ಆಡುವುದಕ್ಕೆ ಸುರಿದರು ಅನ್ನುವುದು ಎಷ್ಟೋ ಜನಕ್ಕೆ ಗೊತ್ತಿಲ್ಲ.

ಪೃಥ್ವಿರಾಜರು ಹುಟ್ಟಿದ್ದು 1906ರ ನವೆಂಬರ್ 3ರಂದು, ಆಗಿನ ಪಂಜಾಬಿನ ಲಾಯಲ್‌ಪುರ ಜಿಲ್ಲೆಯ ಸಮುಂದ್ರಿ ಎಂಬ ಊರಲ್ಲಿ. ಈಗ ಅದು ಪಾಕಿಸ್ತಾನಕ್ಕೆ ಸೇರಿದೆ. ತಾತ ಕೇಶವಮಲ್ ತಹಸೀಲ್ದಾರರು. ತಂದೆ ಬಸೇಶ್ವರನಾಥ ಕಪೂರ್ ಪೊಲೀಸ್ ಇಲಾಖೆಯಲ್ಲಿದ್ದರು. ತಾಯಿ ತೀರಿಕೊಂಡಾಗ ಮಗು ಇನ್ನೂ ತೀರಾ ಎಳೆಯದು. ಹಾಗಾಗಿ ತಾತನ ಆರೈಕೆಯಲ್ಲೇ ಬೆಳೆದರು. ಮುಂದೆ ಓದಿಗೆ ಪೇಶಾವರಕ್ಕೆ ಬಂದರು. ಪೇಶಾವರ ಅಂದರೆ ಖೈಬರ್ ಕಣಿವೆಯ ಬಾಗಿಲು. ಪಠಾಣರು, ಹಿಂದೂ ವರ್ತಕರು, ಸಿಖ್ಖರು, ಒಂಟೆ ಮೇಲೆ ಸರಕು ಹೇರಿಕೊಂಡು ಬರುವ ದೂರದ ವ್ಯಾಪಾರಿಗಳು ಎಲ್ಲರೂ ಸೇರುವ ಊರು. ಅಲ್ಲಿ ಕಥೆಗಾರರ ಬೀದಿ ಅಂತಲೇ ಹೆಸರಾದ ಕಿಸ್ಸಾ ಖ್ವಾನಿ ಬಜಾರು ಇದೆ. ಅದರ ಹತ್ತಿರ ಬಸೇಶ್ವರನಾಥರು ಒಂದು ದೊಡ್ಡ ಹವೇಲಿ ಕಟ್ಟಿಸಿದರು. ಹಿರಿಯ ಮಗ ರಾಜ್ ಕಪೂರ್ 1924ರಲ್ಲಿ ಹುಟ್ಟಿದ್ದು ಆ ಮನೆಯಲ್ಲೇ.

ಪೇಶಾವರದ ಎಡ್ವರ್ಡ್ಸ್ ಕಾಲೇಜಿನಲ್ಲಿ ಜಯದಯಾಳ್ ಎಂಬ ಪ್ರೊಫೆಸರ್ ಇದ್ದರು. ಅವರಿಗೆ ನಾಟಕದ ಹುಚ್ಚು. ಎತ್ತರದ, ಗಂಭೀರ ಕಂಠದ ಈ ಹುಡುಗನನ್ನು ಕಂಡು ರಂಗಕ್ಕೆ ಎಳೆದುಕೊಂಡರು. ಉಚ್ಚಾರಣೆ ತಿದ್ದಿದರು, ನಿಲ್ಲುವುದು ಕೂರುವುದು ಕಲಿಸಿದರು. ಅಲ್ಲಿ ತಗುಲಿದ ಬಣ್ಣ ಜೀವನಪರ್ಯಂತ ಹೋಗಲಿಲ್ಲ. ಬಿ.ಎ. ಆಯಿತು. ಒಂದು ವರ್ಷ ಕಾನೂನು ಓದಿದ್ದೂ ಆಯಿತು. ಆ ವೇಳೆಗೆ ಮದುವೆಯಾಗಿ ಮಕ್ಕಳೂ ಇದ್ದರು. ಹದಿಹರೆಯದಲ್ಲೇ ಕೈಹಿಡಿದ ಪತ್ನಿ ರಾಮಸರಣಿ. ಮನೆಯವರಿಗೆ ಮಗ ವಕೀಲನಾಗಲಿ ಅಂತ ಆಸೆ. ಮಗನಿಗೆ ನಾಟಕದ ಆಸೆ. ಕೊನೆಗೆ ಚಿಕ್ಕಮ್ಮನೊಬ್ಬರ ಹತ್ತಿರ ಸಾಲ ಇಸಕೊಂಡು 1920ರ ದಶಕದ ಕೊನೆಯಲ್ಲಿ ಬೊಂಬಾಯಿ ರೈಲು ಹತ್ತಿಬಿಟ್ಟರು.

ಅಲ್ಲಿ ಅರ್ದೇಶಿರ್ ಇರಾನಿಯವರ ಇಂಪೀರಿಯಲ್ ಕಂಪನಿಯಲ್ಲಿ ಮೊದಲು ಗುಂಪಿನಲ್ಲಿ ನಿಲ್ಲುವ ಎಕ್ಸ್‌ಟ್ರಾ ಕೆಲಸ. ಇಂಥ ರೂಪ, ಇಂಥ ಮೈಕಟ್ಟು ಗುಂಪಿನಲ್ಲಿ ಎಷ್ಟು ದಿನ ಅಡಗಿರಲು ಸಾಧ್ಯ? ಬೇಗನೆ ನಾಯಕನ ಪಾತ್ರಕ್ಕೆ ಬಡ್ತಿ ಸಿಕ್ಕಿತು. 1931ರ ಮಾರ್ಚ್ 14ರಂದು ಬೊಂಬಾಯಿಯ ಮೆಜೆಸ್ಟಿಕ್ ಥಿಯೇಟರಿನಲ್ಲಿ ಭಾರತದ ಮೊಟ್ಟಮೊದಲ ವಾಕ್ಚಿತ್ರ ಆಲಂ ಆರಾ ಬಿಡುಗಡೆಯಾಯಿತು. ಅದರಲ್ಲಿ ಸೇನಾಧಿಪತಿಯ ಪಾತ್ರ ಪೃಥ್ವಿರಾಜರದೇ. ಮೂಕಿ ಚಿತ್ರಗಳ ಎಷ್ಟೋ ನಟರು ಮಾತು ಬಂದ ಕೂಡಲೇ ಮೂಲೆ ಸೇರಿದರು. ನಾಟಕದಲ್ಲಿ ಪಳಗಿದ ಗಂಟಲಿದ್ದವರು ಉಳಿದುಕೊಂಡರು. ಪೇಶಾವರದ ಕಾಲೇಜು ರಂಗದ ಋಣ ಅವರಿಗೆ ಮೊದಲು ಅರಿವಾದದ್ದು ಬಹುಶಃ ಆಗಲೇ ಇರಬೇಕು.

ಇಲ್ಲೊಂದು ವಿಚಿತ್ರ ನೋಡಿ. ಸಿನಿಮಾದಲ್ಲಿ ಕಾಲೂರಿದ್ದ ಹೊತ್ತಿನಲ್ಲೇ ಗ್ರಾಂಟ್ ಆಂಡರ್ಸನ್ ಎಂಬವರ ನಾಟಕ ಮಂಡಳಿ ಸೇರಿಕೊಂಡು ಷೇಕ್ಸ್‌ಪಿಯರನ ನಾಟಕಗಳನ್ನು ಇಂಗ್ಲಿಷಿನಲ್ಲಿ ಆಡುತ್ತಾ ಊರೂರು ತಿರುಗಿದರು. ಆ ಮಂಡಳಿ ಬಹಳ ಕಾಲ ಬಾಳಲಿಲ್ಲ. ಪೃಥ್ವಿರಾಜರು ಕಲ್ಕತ್ತೆಯಲ್ಲಿ ನೆಲೆ ನಿಂತು ನ್ಯೂ ಥಿಯೇಟರ್ಸ್ ಚಿತ್ರಗಳಲ್ಲಿ ಅಭಿನಯಿಸಿದರು. ರಾಜರಾಣಿ ಮೀರಾ, ಮಂಜಿಲ್, ವಿದ್ಯಾಪತಿ ಎಲ್ಲ ಆ ಕಾಲದವು. ಬೊಂಬಾಯಿಗೆ ಮರಳಿದ ಮೇಲೆ 1941ರಲ್ಲಿ ಸೊಹ್ರಾಬ್ ಮೋದಿಯವರ ಸಿಕಂದರ್ ಬಂತು. ಅಲೆಕ್ಸಾಂಡರನಾಗಿ ಪೃಥ್ವಿರಾಜರು, ಪೋರಸನಾಗಿ ಮೋದಿಯವರು. ದೇಶದ ಮೂಲೆಮೂಲೆಗೂ ಅವರ ಹೆಸರು ಹೋಯಿತು.

ಮೂವತ್ತೈದರ ವಯಸ್ಸು, ರಾಜಕಳೆಯ ಮುಖ, ಬೇಡಿಕೆಯ ತಾರೆ. ಇನ್ನೊಬ್ಬರಾಗಿದ್ದರೆ ಬಂಗಲೆ, ಕಾರು, ಹೊಲ ಗದ್ದೆ ಅಂತ ನೋಡಿಕೊಳ್ಳುತ್ತಿದ್ದರು. ಪೃಥ್ವಿರಾಜರ ಮನಸ್ಸು ಮಾತ್ರ ಬಿಟ್ಟು ಬಂದ ರಂಗದ ಮೇಲೇ ಇತ್ತು. 1944ರ ಜನವರಿ 15ರಂದು ಬೊಂಬಾಯಿಯಲ್ಲಿ ಪೃಥ್ವಿ ಥಿಯೇಟರ್ಸ್ ಎಂಬ ಸ್ವಂತ ನಾಟಕ ಕಂಪನಿ ಶುರು ಮಾಡಿಯೇಬಿಟ್ಟರು. ಅದು ಎಂಥಾ ಕಾಲ! ಪಾರಸೀ ಕಂಪನಿಗಳು ಒಂದೊಂದಾಗಿ ಮುಚ್ಚಿಹೋಗಿದ್ದವು. ನಾಟಕದ ಥಿಯೇಟರುಗಳೆಲ್ಲ ಸಿನಿಮಾ ಟಾಕೀಸುಗಳಾಗಿದ್ದವು. ನೀರು ಇಳಿಜಾರಿಗೆ ಹರಿಯುವ ಹಾಗೆ ನಟರೆಲ್ಲ ಸಿನಿಮಾ ಕಡೆ ಹೋಗುತ್ತಿದ್ದಾಗ ಇವರೊಬ್ಬರು ಎದುರು ಈಜಿದರು.

ಮೊದಲ ನಾಟಕ ಶಾಕುಂತಲ. ದುಡ್ಡು ನೀರಿನಂತೆ ಖರ್ಚು ಮಾಡಿ ಕಟ್ಟಿದ ಪ್ರಯೋಗ ಕೈಕಚ್ಚಿತು. ಆದರೂ ಅಂಗಡಿ ಮುಚ್ಚಲಿಲ್ಲ. ಪುರಾಣ ಬಿಟ್ಟು ನಮ್ಮ ಕಾಲದ ಕಥೆ ಹೇಳೋಣ ಅಂತ ದಿಕ್ಕು ಬದಲಿಸಿದರು. 1945ರಲ್ಲಿ ಇಂದರ್ ರಾಜ್ ಆನಂದ್ ಬರೆದ ದೀವಾರ್, ಅಂದರೆ ಗೋಡೆ, ರಂಗಕ್ಕೆ ಬಂತು. ಒಂದು ಮನೆ, ಒಡಹುಟ್ಟಿದ ಅಣ್ಣ ತಮ್ಮಂದಿರು. ಅತಿಥಿಗಳಾಗಿ ಬಂದ ಪರದೇಶಿಗಳು ಮನಸ್ಸು ಕೆಡಿಸುತ್ತಾರೆ. ಮನೆಯ ನಡುವೆ ಗೋಡೆ ಏಳುತ್ತದೆ. ಕೊನೆಗೆ ಊರ ರೈತರೇ ಬಂದು ಆ ಗೋಡೆಯನ್ನು ಕೆಡವಿ ಹಾಕುತ್ತಾರೆ. ದೇಶ ಒಡೆಯುವ ಎರಡು ವರ್ಷ ಮೊದಲೇ ಕಂಡ ಮುನ್ಸೂಚನೆ ಇದು. ನಾಟಕದಲ್ಲಿ ಗೋಡೆ ಬಿತ್ತು, ನಿಜದಲ್ಲಿ ಎದ್ದಿತು. ಹಿಸ್ಸೆಯ ಜಗಳದಲ್ಲಿ ಅಂಗಳದ ನಡುವೆ ಗೋಡೆ ಎದ್ದ ಮನೆಗಳನ್ನು ಕಂಡವರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಂದೆ 1947ರಲ್ಲಿ ಪಠಾಣ್. ಲಾಲ್‌ಚಂದ್ ಬಿಸ್ಮಿಲ್ ಬರೆದದ್ದು. ಪೃಥ್ವಿರಾಜರ ಎಂಟು ನಾಟಕಗಳಲ್ಲಿ ಅವರ ಹೃದಯಕ್ಕೆ ಹತ್ತಿರವಾದದ್ದು ಇದೇ ಇರಬೇಕು ಅಂತ ನಮಗನ್ನಿಸುತ್ತೆ. ಯಾಕೆಂದರೆ ಇದರಲ್ಲಿ ಅವರು ತಮ್ಮ ಊರಿಗೇ ಮರಳಿದರು. ಗಡಿನಾಡಿನ ಒಬ್ಬ ಪಠಾಣ ಸರದಾರ ಶೇರ್ ಖಾನ್, ಅವನ ಜೀವದ ಗೆಳೆಯ ಒಬ್ಬ ಹಿಂದೂ ದಿವಾನ. ಗೆಳೆಯ ಸಾಯುತ್ತಾನೆ. ಅವನ ಮಗನನ್ನು ಕಾಪಾಡುವುದಾಗಿ ಶೇರ್ ಖಾನ್ ಮಾತು ಕೊಟ್ಟಿರುತ್ತಾನೆ. ಮುಂದೆ ಕುಲದ ಹಗೆಯಲ್ಲಿ ಆ ಹುಡುಗನ ಪ್ರಾಣಕ್ಕೆ ಸಂಚಕಾರ ಬಂದಾಗ, ಗೆಳೆಯನ ಮಗನ ಬದಲಿಗೆ ತನ್ನ ಒಬ್ಬನೇ ಮಗನನ್ನು ಒಪ್ಪಿಸಿಬಿಡುತ್ತಾನೆ. ಪುಣ್ಯಕೋಟಿಯ ಕಥೆ ಕೇಳಿ ಬೆಳೆದ ನಮಗೆ ಕೊಟ್ಟ ಮಾತಿನ ಬೆಲೆ ಏನೆಂದು ಗೊತ್ತು. ಊರಿನಲ್ಲಿ ಬಾಲ್ಯದಿಂದ ಕಂಡ ಉಡುಪು, ನಡೆ, ಹೆಮ್ಮೆ, ಅತಿಥಿ ಸತ್ಕಾರ ಎಲ್ಲವನ್ನೂ ಪೃಥ್ವಿರಾಜರು ಶೇರ್ ಖಾನನಲ್ಲಿ ತುಂಬಿದರು.

ಅದೇ ವರ್ಷ ಆಗಸ್ಟಿನಲ್ಲಿ ದೇಶ ಎರಡಾಯಿತು. ಪೇಶಾವರ ಪಾಕಿಸ್ತಾನಕ್ಕೆ ಹೋಯಿತು. ತಂದೆ ಕಟ್ಟಿಸಿದ ಹವೇಲಿ, ಓದಿದ ಕಾಲೇಜು, ಮಾತು ಕಲಿತ ಬೀದಿ ಎಲ್ಲವೂ ಗಡಿಯ ಆಚೆ ಉಳಿದವು. ರಂಗದ ಮೇಲೆ ತೆರೆ ಎದ್ದರೆ ಮಾತ್ರ ಎರಡು ಗಂಟೆ ಕಾಲ ಪೇಶಾವರ ಅವರದಾಗಿರುತ್ತಿತ್ತು. ಹಿಂದೂ ಮುಸಲ್ಮಾನರು ಬೀದಿಯಲ್ಲಿ ಕಡಿದಾಡುತ್ತಿದ್ದ ದಿನಗಳಲ್ಲಿ, ಹಿಂದೂ ಗೆಳೆಯನ ಮಗನಿಗಾಗಿ ತನ್ನ ಮಗನನ್ನು ಕೊಟ್ಟ ಮುಸಲ್ಮಾನನ ಕಥೆಯನ್ನು ಒಬ್ಬ ಹಿಂದೂ ನಟ ಆಡಿ ತೋರಿಸುವುದು ಸಣ್ಣ ಧೈರ್ಯವಲ್ಲ. ಆ ಮೇಲೂ ಅವರು ಸುಮ್ಮನಾಗಲಿಲ್ಲ. 1948ರಲ್ಲಿ ಗದ್ದಾರ್, ವಿಭಜನೆಯ ಕಾಲದ ಒಬ್ಬ ದೇಶಪ್ರೇಮಿ ಮುಸಲ್ಮಾನನ ತೊಳಲಾಟ. 1949ರಲ್ಲಿ ಆಹುತಿ, ಗಲಭೆಯಲ್ಲಿ ಮಾನ ಕಳೆದುಕೊಂಡ ಹೆಣ್ಣುಮಗಳನ್ನು ತಂದೆ ಒಪ್ಪಿಕೊಂಡರೂ ಸಮಾಜ ಒಪ್ಪದ ದುರಂತ. ನಂತರ ಕಲಾಕಾರ್, ಪೈಸಾ ಮತ್ತು ಕಿಸಾನ್ ಬಂದವು. ದುಡ್ಡಿನ ಬೆನ್ನು ಹತ್ತಿ ಸಂಸಾರದ ಸುಖ ಕಳಕೊಂಡ ಬ್ಯಾಂಕ್ ಮ್ಯಾನೇಜರನ ಕಥೆ ಪೈಸಾ. ಲೇವಾದೇವಿ ಮಾಡುವ ನಾವೆಲ್ಲ ನೆನಪಿಡಬೇಕಾದ ವಸ್ತು!

ಈಗ ಕಂಪನಿಯ ಒಳಗಿನ ವ್ಯವಸ್ಥೆ ಹೇಗಿತ್ತು ನೋಡೋಣ. ಬೊಂಬಾಯಿಯ ರಾಯಲ್ ಒಪೇರಾ ಹೌಸ್ ಆಗ ಸಿನಿಮಾ ಮಂದಿರ. ಸಿನಿಮಾ ಆಟ ಇಲ್ಲದ ಬೆಳಗಿನ ಹೊತ್ತಿನಲ್ಲಿ ಇವರು ನಾಟಕ ಆಡುತ್ತಿದ್ದರು. ಉಳಿದಂತೆ ಪ್ರವಾಸವೋ ಪ್ರವಾಸ. ನಟ ನಟಿಯರು, ವಾದ್ಯದವರು, ಬಡಗಿಗಳು, ದರ್ಜಿಗಳು, ಅಡಿಗೆಯವರು ಎಲ್ಲ ಸೇರಿ ಒಂದು ಸಣ್ಣ ಊರೇ ಹೊರಟ ಹಾಗೆ. ಯಜಮಾನರಾದರೂ ಪೃಥ್ವಿರಾಜರು ಮಂಡಳಿಯ ಜೊತೆ ಮೂರನೇ ದರ್ಜೆ ಡಬ್ಬಿಯಲ್ಲೇ ಪ್ರಯಾಣ ಮಾಡುತ್ತಿದ್ದರು. ಎಲ್ಲರ ಜೊತೆ ಕೂತು ಊಟ, ಎಲ್ಲರ ಜೊತೆ ನೆಲದ ಮೇಲೆ ನಿದ್ದೆ. ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ಪಾಪಾಜಿ ಅಂತ. ಸ್ವಂತ ಮಕ್ಕಳಿಗೂ ವಿನಾಯಿತಿ ಇರಲಿಲ್ಲ. ರಾಜ್, ಶಮ್ಮಿ, ಶಶಿ ಮೂವರೂ ಈ ಗರಡಿಯಲ್ಲೇ ಪಳಗಿದರು. ನರ್ತಕಿ, ನಟಿ ಜೋಹ್ರಾ ಸೆಹಗಲ್ ಹದಿನಾಲ್ಕು ವರ್ಷ ಇಲ್ಲೇ ದುಡಿದರು. ಮುಂದೆ ಹಿಂದಿ ಚಿತ್ರ ಸಂಗೀತವನ್ನು ಆಳಿದ ಶಂಕರ್ ಮತ್ತು ಜೈಕಿಷನ್ ಜೋಡಿ ಕೂಡಿದ್ದು ಈ ಕಂಪನಿಯ ವಾದ್ಯಮೇಳದಲ್ಲೇ. ರಾಮಾಯಣ ಧಾರಾವಾಹಿಯ ರಮಾನಂದ ಸಾಗರರೂ ಇದೇ ಕಂಪನಿಗೆ ನಾಟಕ ಬರೆದವರು.

ಹದಿನಾರು ವರ್ಷಗಳಲ್ಲಿ ಆದ ಪ್ರದರ್ಶನಗಳು 2662 ಅಂತ ಲೆಕ್ಕ. ಅಂದರೆ ವರ್ಷಕ್ಕೆ ಸರಾಸರಿ 166. ಎರಡು ಮೂರು ದಿನಕ್ಕೊಮ್ಮೆ ಬಣ್ಣ ಹಚ್ಚಿದ ಹಾಗಾಯಿತು. ಇಷ್ಟಾದರೂ ನಾಟಕದಿಂದ ಹುಟ್ಟುವ ದುಡ್ಡು ಅಷ್ಟು ಜನರ ಸಂಬಳ, ರೈಲು ಚಾರ್ಜು, ಸಾಮಾನು ಸಾಗಣೆ, ಥಿಯೇಟರ್ ಬಾಡಿಗೆಗೆ ಸಾಲುತ್ತಿರಲಿಲ್ಲ. ಕೊರತೆ ಬಿದ್ದಾಗ ಪೃಥ್ವಿರಾಜರು ಒಂದು ಸಿನಿಮಾ ಒಪ್ಪಿಕೊಳ್ಳುವರು. ಅಲ್ಲಿ ಬಂದ ಹಣ ಇಲ್ಲಿ ಸುರಿಯುವರು. ಮಗ ರಾಜ್ ಕಪೂರರ 1951ರ ಆವಾರಾ ಚಿತ್ರದಲ್ಲಿ ನ್ಯಾಯಾಧೀಶರಾಗಿ ಅಭಿನಯಿಸಿದ್ದೂ ಈ ಅವಧಿಯಲ್ಲೇ. ಪೇಟೆಯ ಸಂಪಾದನೆ ತಂದು ಊರಿನ ಒಣ ಜಮೀನಿಗೆ ಹಾಕುವ ಮಕ್ಕಳು ನಮ್ಮಲ್ಲೂ ಇದ್ದಾರಲ್ಲ, ಹಾಗೇ ಇದು. ಲಾಭಕ್ಕಾಗಿ ಅಲ್ಲ, ನೆಲ ಬೀಳು ಬೀಳಬಾರದು ಅಂತ.

ಇನ್ನು ಜೋಳಿಗೆಯ ವಿಷಯ. ನಾಟಕ ಮುಗಿದು ಜನ ಹೊರಗೆ ಹೋಗುವಾಗ ಬಾಗಿಲ ಬಳಿ ಪೃಥ್ವಿರಾಜರು ಬಟ್ಟೆಯ ಜೋಳಿಗೆ ಚಾಚಿ, ತಲೆ ತಗ್ಗಿಸಿ ನಿಲ್ಲುತ್ತಿದ್ದರು. ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಹಾಕಿದವರು ಯಾರು, ಹಾಕದವರು ಯಾರು, ಎಷ್ಟು ಹಾಕಿದರು ಅಂತ ತಿಳಿಯಬಾರದು ಅನ್ನುವುದು ಅದರ ಅರ್ಥ ಅಂತ ನಾವು ತಿಳಿದಿದ್ದೇವೆ. ಐದು ನಿಮಿಷದ ಹಿಂದೆ ಸರದಾರನಾಗಿ ಗುಡುಗಿದ ಮನುಷ್ಯ ಈಗ ಭಿಕ್ಷುಕನ ಹಾಗೆ ನಿಂತದ್ದು ಕಂಡು ಎಷ್ಟು ಜನರ ಕಣ್ಣು ಒದ್ದೆಯಾಗಿರಬೇಡ! ಹಾಗೆ ಬಂದ ಹಣ ನಿರಾಶ್ರಿತರಿಗೆ, ಸಂಕಷ್ಟದಲ್ಲಿದ್ದವರಿಗೆ, ಕಂಪನಿಯ ಬಡ ಕೆಲಸಗಾರರ ಕಷ್ಟಕಾಲಕ್ಕೆ ಹೋಗುತ್ತಿತ್ತು. ತನಗಾಗಿ ಕೈ ಚಾಚುವುದು ಬೇರೆ, ಹತ್ತು ಜನಕ್ಕಾಗಿ ಚಾಚುವುದು ಬೇರೆ. ಚಂದಾ ಪುಸ್ತಕ ಹಿಡಿದು ಮನೆ ಬಾಗಿಲಲ್ಲಿ ನಿಂತವರಿಗೆ ಇದರ ಮರ್ಮ ಗೊತ್ತು.

ಮನ್ನಣೆ ಬರಲಿಲ್ಲ ಅಂತೇನಿಲ್ಲ. 1952ರಲ್ಲಿ ರಾಜ್ಯಸಭೆಗೆ ನಾಮಕರಣವಾದರು, 1960ರವರೆಗೆ ಸದಸ್ಯರಾಗಿದ್ದರು. ಸಂಗೀತ ನಾಟಕ ಅಕಾಡೆಮಿಯ ಫೆಲೋಷಿಪ್ 1954ರಲ್ಲಿ ಸಂದಿತು. ಆದರೆ ಗೌರವದಿಂದ ಕಂಪನಿಯ ಖರ್ಚು ನಡೆಯುವುದಿಲ್ಲವಲ್ಲ. ತಮ್ಮ ಪೈಸಾ ನಾಟಕವನ್ನೇ 1957ರಲ್ಲಿ ಸಿನಿಮಾ ಮಾಡಿ ತಾವೇ ನಿರ್ದೇಶಿಸಿದರು. ಆ ದುಡಿಮೆಯ ನಡುವೆ ಗಂಟಲು ಕೈಕೊಟ್ಟಿತು. ಮೊದಲಿನ ಧ್ವನಿ ಪೂರ್ತಿಯಾಗಿ ಮರಳಲಿಲ್ಲ. ಮೈಕಿನ ಆಸರೆಯಲ್ಲಿ ಸಿನಿಮಾ ಹೇಗೋ ನಡೆಯುತ್ತೆ, ಕೊನೆಯ ಬೆಂಚಿನವನಿಗೆ ಕೇಳಿಸಬೇಕಾದ ನಾಟಕ ನಡೆಯುವುದು ಹೇಗೆ? ಇತ್ತ ಖರ್ಚು ಏರುತ್ತಲೇ ಇತ್ತು. ತಯಾರಾದ ಕಲಾವಿದರು ಸಿನಿಮಾಕ್ಕೆ ಹೋಗುತ್ತಿದ್ದರು. 1960ರಲ್ಲಿ ಪೃಥ್ವಿ ಥಿಯೇಟರ್ಸ್ ಮುಚ್ಚಿತು.

ಅದೇ 1960ರ ಆಗಸ್ಟಿನಲ್ಲಿ ಕೆ. ಆಸಿಫರ ಮೊಘಲ್-ಎ-ಆಜಂ ಬಿಡುಗಡೆಯಾಗಿ, ಅಕ್ಬರ್ ಚಕ್ರವರ್ತಿ ಅಂದರೆ ಪೃಥ್ವಿರಾಜರೇ ಅನ್ನುವಂತಾಯಿತು. ವಿಧಿಯ ಆಟ ನೋಡಿ! ಲೋಕವೆಲ್ಲ ಅವರನ್ನು ಚಕ್ರವರ್ತಿಯೆಂದು ಕೊಂಡಾಡಿದ ವರ್ಷವೇ ಅವರ ನಿಜವಾದ ರಾಜ್ಯ ಕೈಬಿಟ್ಟು ಹೋಗಿತ್ತು. ನಮ್ಮ ಮಟ್ಟಿಗೆ ಇದು ಸೋಲಲ್ಲ. ಆದರೆ ಆ ಮನುಷ್ಯನಿಗೆ ಎಷ್ಟು ನೋವಾಗಿರಬೇಕು ಅನ್ನುವುದನ್ನು ಮರೆತು ಬರೀ ಹೊಗಳುವುದೂ ಸರಿಯಲ್ಲ.

ಕೊನೆಯ ವರ್ಷಗಳಲ್ಲಿ ಬೊಂಬಾಯಿಯ ಜುಹು ಕಡಲ ತೀರದ ಹತ್ತಿರ ಸಾದಾ ಕುಟೀರದಲ್ಲಿ ಪತ್ನಿಯೊಡನೆ ವಾಸ. ಅಲ್ಲಿ ಗುತ್ತಿಗೆಗೆ ಪಡೆದ ಜಾಗದಲ್ಲಿ ಸ್ವಂತದ್ದೊಂದು ನಾಟಕ ಮಂದಿರ ಕಟ್ಟುವ ಕನಸಿತ್ತು. ಊರೂರು ಅಲೆದು ಬಾಡಿಗೆ ಕೊಟ್ಟು ಸೋತವರಿಗೆ ಅಂಥ ಕನಸು ಸಹಜ. ಪದ್ಮಭೂಷಣ 1969ರಲ್ಲಿ ಬಂತು. 1971ರಲ್ಲಿ ಮಗ, ಮೊಮ್ಮಗನ ಜೊತೆ ಕಲ್ ಆಜ್ ಔರ್ ಕಲ್ ಚಿತ್ರದಲ್ಲಿ ಅಭಿನಯಿಸಿದರು. ಅದೇ ವರ್ಷ ನಮ್ಮ ಸಾಕ್ಷಾತ್ಕಾರ. ಗುಬ್ಬಿ ಕಂಪನಿಯ ರಂಗದಲ್ಲಿ ಪಳಗಿ ಬಂದ ರಾಜಕುಮಾರರು, ಪೇಶಾವರದ ಕಾಲೇಜು ರಂಗದಲ್ಲಿ ಅರಳಿದ ಪೃಥ್ವಿರಾಜರು ತಂದೆ ಮಗನಾಗಿ ಎದುರಾಬದುರು ನಿಂತದ್ದು ಕನ್ನಡಿಗರ ಪುಣ್ಯ ಅಂತಲೇ ಹೇಳಬೇಕು. ಭಾಷೆ ಬೇರೆಯಾದರೇನು, ಇಬ್ಬರ ತಾಯಿಬೇರೂ ನಾಟಕವೇ.

1972ರ ಮೇ 29ರಂದು ಕ್ಯಾನ್ಸರಿನಿಂದ ಪೃಥ್ವಿರಾಜರು ತೀರಿಕೊಂಡರು. ಕೆಲವೇ ದಿನಗಳಲ್ಲಿ ರಾಮಸರಣಿಯವರೂ ಹಿಂಬಾಲಿಸಿದರು. 1971ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಮರಣೋತ್ತರವಾಗಿ ಸಂದಿತು. ಅದೇ 1972ರ ಅಕ್ಟೋಬರಿನಲ್ಲಿ ನಮ್ಮ ಗುಬ್ಬಿ ವೀರಣ್ಣನವರೂ ಕಣ್ಮುಚ್ಚಿದರು. ಉತ್ತರದ ಒಬ್ಬ, ದಕ್ಷಿಣದ ಒಬ್ಬ, ನಾಟಕ ಕಂಪನಿ ಕಟ್ಟಿ ಸಾವಿರಾರು ಜನಕ್ಕೆ ಅನ್ನ ಹಾಕಿದ ಇಬ್ಬರು ಯಜಮಾನರನ್ನು ದೇಶ ಒಂದೇ ವರ್ಷ ಕಳೆದುಕೊಂಡಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ಮನಸ್ಸಿಗೆ ಬೇಸರ ಉಳಿಯುತ್ತಿತ್ತು. ತಂದೆಯ ಮರಣದ ವರ್ಷವೇ ಜುಹು ಜಾಗದ ಗುತ್ತಿಗೆಯೂ ಮುಗಿದಿತ್ತು. ಕಿರಿಯ ಮಗ ಶಶಿ ಕಪೂರ್ ಮತ್ತು ಸೊಸೆ ಜೆನ್ನಿಫರ್ ಸುಮ್ಮನೆ ಕೂರಲಿಲ್ಲ. ಜೆನ್ನಿಫರ್ ಕೂಡ ಷೇಕ್ಸ್‌ಪಿಯರಾನಾ ಎಂಬ ಸಂಚಾರಿ ನಾಟಕ ಮಂಡಳಿಯ ಮಗಳೇ. ಆ ಜಾಗ ಕೊಂಡು, ಪೃಥ್ವಿರಾಜರ ಹೆಸರಲ್ಲಿ ಟ್ರಸ್ಟ್ ಮಾಡಿ, 1978ರ ನವೆಂಬರ್ 5ರಂದು ಪೃಥ್ವಿ ಥಿಯೇಟರ್ ತೆರೆದರು. ಇನ್ನೂರು ಜನ ಕೂರುವಷ್ಟು ಸಣ್ಣ ಮಂದಿರ. ಮೂರು ಕಡೆ ಪ್ರೇಕ್ಷಕರು, ನಡುವೆ ರಂಗ. ಮೈಕಿಲ್ಲದೆ ಪಿಸುಮಾತೂ ಕೇಳುತ್ತೆ. ಶಶಿ ಕಪೂರರೂ ಸಿನಿಮಾದಲ್ಲಿ ಗಳಿಸಿ ರಂಗಕ್ಕೆ ಕೊಟ್ಟವರೇ. ಅವರು 2017ರಲ್ಲಿ ತೀರಿಕೊಂಡರು. ಥಿಯೇಟರು ಇಂದಿಗೂ ನಡೆಯುತ್ತಿದೆ. ಅಂಚೆ ಇಲಾಖೆಯವರು 1995ರಲ್ಲಿ ಪೃಥ್ವಿ ಥಿಯೇಟರ್ಸಿನ ಸುವರ್ಣ ಮಹೋತ್ಸವದ ನೆನಪಿಗೆ ಅಂಚೆಚೀಟಿ ತಂದರು. ಪೇಶಾವರದ ಹವೇಲಿ ಶಿಥಿಲವಾಗಿದೆ. ಅದನ್ನು ಅಲ್ಲಿನ ಸರ್ಕಾರ ಪಾರಂಪರಿಕ ಕಟ್ಟಡವೆಂದು ಸಾರಿದೆ.

ಓದುಗ ಬಂಧುಗಳೆ, ಲಾಭ ನಷ್ಟದ ತಖ್ತೆಯಲ್ಲಿ ಬರೆದರೆ ಪೃಥ್ವಿರಾಜರ ಕಂಪನಿ ನಷ್ಟದ ಕಂಪನಿಯೇ. ಆದರೆ ಅಲ್ಲಿ ಕಲಿತವರ ಪಟ್ಟಿ ನೋಡಿ, ಮಕ್ಕಳು ಕಟ್ಟಿದ ಮಂದಿರ ನೋಡಿ, ಆಮೇಲೆ ಲೆಕ್ಕ ಹಾಕಿ. ಕೆಲವು ಠೇವಣಿಗಳ ಬಡ್ಡಿ ಇಟ್ಟವನ ಕಾಲದಲ್ಲಿ ಬರುವುದಿಲ್ಲ, ಮುಂದಿನವರ ಕಾಲಕ್ಕೆ ಬರುತ್ತೆ. ನಮ್ಮ ಸಂಘ ಕಟ್ಟಿದ ಹಿರಿಯರಲ್ಲಿ ಈಗ ನಮ್ಮೊಡನೆ ಇಲ್ಲದವರಿಗೂ ಈ ಮಾತು ಸಲ್ಲುತ್ತದೆ. ಊರಿಂದ ದೂರ ಹೋಗಿ ದೊಡ್ಡವರಾದ ನಮ್ಮ ಮಕ್ಕಳು ಬೇಕಾದಷ್ಟಿದ್ದಾರೆ. ಅವರು ಹಬ್ಬಕ್ಕೆ ಬಂದಾಗ ಈ ಪುಟ ಓದಲಿ. ಮುಂದಿನ ಸುಗ್ಗಿಗೆ ಬಯಲಲ್ಲಿ ಮತ್ತೆ ಸೀನರಿ ಏರಲಿ. ಜೋಳಿಗೆ ಹಿಡಿದು ಬಾಗಿಲಲ್ಲಿ ನಿಲ್ಲಲು ನಾವು ಸಿದ್ಧರಿದ್ದೇವೆ.